ಜೀಪಿಗೆ ನಾಲ್ಕು ಹೊಟ್ಟೆ

ದಿಣ್ಣೆಯ ನಡುವೆ ಎರಡನೇ ಗೇರು ಎದ್ದು ಬಂದು ಜೀಪು ಹಿಂದಕ್ಕೆ ಜಾರಬಹುದಿತ್ತು. ಜಾರಿದ ಜೀಪು ಸೀದಾ ಹಳ್ಳಕ್ಕೆ ಇಳಿಯಬಹುದಿತ್ತು. ಹಳ್ಳದಲ್ಲಿ ನಿಂತ ಜೀಪಿನಿಂದ ನಮ್ಮ ಬೀಗಿತ್ತಿಯವರು ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಇಳಿಯಬೇಕಾಗಬಹುದಿತ್ತು. ಗೇರೆಣ್ಣೆ ತೀರಾ ಮಂದವಾಗಿ ಬೆಳಗಿನ ಚಳಿಗೆ ಗೇರೇ ಬೀಳದೆ ಹೋಗಬಹುದಿತ್ತು; ತೀರಾ ತೆಳುವಾಗಿ ದಾರಿಯುದ್ದಕ್ಕೂ ರಂಗೋಲಿ ಬಿಡುತ್ತಾ ಬರಬಹುದಿತ್ತು. ಬಿಂಡಿಗನವಿಲೆಯಲ್ಲಿ ಬಸ್ಸಿಳಿದ ಬೀಗರು ಬಿಸಿಲಿನಲ್ಲಿ ಕಾದು ಕಾದು, ಬಂದ ಬಸ್ಸಿಗೇ ವಾಪಸು ಹತ್ತಿಬಿಡಬಹುದಿತ್ತು. ಹತ್ತದಿದ್ದರೂ ನಡೆದುಕೊಂಡು ಬರಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಯಾಕೆಂದರೆ "ಸೊಸೆ ತವರಿನೋರು ನಮ್ಮನ್ನ ಕಲ್ಲುದಾರೀಲಿ ನಡೆಸಿದ್ರು" ಎಂಬ ಮಾತು ಬೀಗರ ಊರು ಸಿಂಧಘಟ್ಟದಲ್ಲಿ ಒಂದು ತಲೆಮಾರು ಓಡಾಡುತ್ತಿತ್ತು, ನನ್ನ ಮಗಳು ಅದನ್ನು ದಿನಾ ರಾತ್ರಿ ಮುದ್ದೆಯ ಜೊತೆ ನುಂಗಬೇಕಾಗುತ್ತಿತ್ತು.

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಒಂದೇ ಒಂದು, ಅದೂ ಸಣ್ಣದು. ಅಷ್ಟೊಂದು ಹೆದರಿದವನಿಗೆ ಅದು ಮಾತ್ರ ಹೊಳೆದಿರಲಿಲ್ಲ.

ಹೆದರುವುದು ನನ್ನ ಸ್ವಭಾವ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುವವನು ನಾನು. ಕೋಟೆ ಎಷ್ಟು ದಪ್ಪವಾದರೇನು, ಬೀಳುವುದು ಒಂದು ಬಿರುಕಿನಿಂದ ಎಂದು ಮಕ್ಕಳಿಗೆ ವರ್ಷ ವರ್ಷವೂ ಹೇಳಿ ಹೇಳಿ, ಕೊನೆಗೆ ಆ ಪಾಠವನ್ನು ನೆಟ್ಟಗೆ ಕಲಿತವನು ನಾನೊಬ್ಬನೇ. ಮೋಡ ಕಂಡರೆ ಹುರುಳಿ ನೆನೆಯುತ್ತದೆ ಎಂದೂ, ಮೋಡ ಕಾಣದಿದ್ದರೆ ಹುರುಳಿ ಒಣಗುತ್ತದೆ ಎಂದೂ ಹೆದರುತ್ತೇನೆ. ನನ್ನ ಹೆಂಡತಿ ಇದಕ್ಕೆ ಹೊಂದಿಕೊಂಡಿದ್ದಾಳೆ. ನಾನು ಯಾವತ್ತಾದರೂ ಸುಮ್ಮನೆ ಕೂತಿದ್ದರೆ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಾಳೆ.

ಮಗಳ ಮದುವೆ ಮುಗಿದಿತ್ತು. ಉಳಿದದ್ದು ಬೀಗರ ಔತಣ. ನಮ್ಮ ಸೀಮೆಯಲ್ಲಿ ಮದುವೆ ಬರೀ ಶಾಸ್ತ್ರ, ಪರೀಕ್ಷೆ ಇರುವುದು ಬೀಗರೂಟದಲ್ಲಿ. ತಾಳಿ ಕಟ್ಟುವಾಗ ಮಂತ್ರ ತಪ್ಪಿದರೆ ಯಾರೂ ಕೇಳುವುದಿಲ್ಲ. ಬೀಗರೂಟದ ಸಾರಿನಲ್ಲಿ ಉಪ್ಪು ತಪ್ಪಿದರೆ ಎರಡು ತಾಲ್ಲೂಕಿಗೆ ಸುದ್ದಿ. ಇದರ ಮೇಲೆ ನಮ್ಮ ಮನೆಯೋ ಬಿಂಡಿಗನವಿಲೆಯಿಂದಾಚೆ, ಒಂದು ಹಳ್ಳ ಒಂದು ದಿಣ್ಣೆ ದಾಟಿ ಇರುವ ತೋಟದ ಮನೆ. ಬಸ್ಸು ಬಿಂಡಿಗನವಿಲೆಗೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಕುರಿ ಹೋಗುತ್ತವೆ, ಎತ್ತಿನ ಗಾಡಿ ಹೋಗುತ್ತದೆ, ನಮ್ಮ ಜೀಪು ಮನಸ್ಸಾದರೆ ಹೋಗುತ್ತದೆ.

ಜೀಪು ಸರ್ಕಾರದ ಯಾವುದೋ ಇಲಾಖೆ ತನ್ನಿಂದಾಗದು ಎಂದು ಹರಾಜು ಹಾಕಿದ್ದು. ಇಲಾಖೆಯಿಂದಾಗದ್ದು ಮೇಷ್ಟರಿಂದ ಆದೀತೆಂದು ನಾನು ಅದನ್ನು ಹೇಗೆ ನಂಬಿದೆನೋ. ಎಲ್ಲ ಒಳ್ಳೆಯ ಗುಣಗಳಿದ್ದವು. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುತ್ತಿದ್ದವು, ಗೋಡೆ ಬೇಕಾದರೂ ಹತ್ತುತ್ತಿತ್ತು. ಒಂದೇ ಕೊರತೆ, ಏರಿನಲ್ಲಿ ಎರಡನೇ ಗೇರು ತಾನಾಗಿ ಎದ್ದು ಬರುವುದು. ನಾನು ಎಡಮೊಣಕಾಲಿನಿಂದ ಗೇರು ಕಡ್ಡಿಯನ್ನು ಒತ್ತಿ ಹಿಡಿದು ಓಡಿಸುತ್ತಿದ್ದೆ. ಒಬ್ಬನೇ ಇದ್ದಾಗ ಅದು ನಡೆಯುತ್ತದೆ. ಪಕ್ಕದಲ್ಲಿ ಬೀಗರನ್ನು ಕೂರಿಸಿಕೊಂಡು ಕುಸ್ತಿ ಹಿಡಿದವನಂತೆ ಕಾಲು ಮಡಿಸಿ ಕೂರಲಾದೀತೆ? ಗೇರ್ ಬಾಕ್ಸು ಬಿಚ್ಚಿಸಲು ಟೈಮಿಲ್ಲ. ಎಣ್ಣೆ ಬದಲಿಸಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ ಎಂದು ಕೇಳಿದವರೆಲ್ಲ ಹೇಳಿದರು. ಯಾವ ಎಣ್ಣೆ ಎಂದಾಗ ಒಬ್ಬೊಬ್ಬರದೂ ಒಂದೊಂದು ಮಾತು.

ನಮ್ಮಪ್ಪನಿಗೆ ಈ ಕಷ್ಟವಿರಲಿಲ್ಲ. ಅವರ ಗಾಡಿಗೆ ಕೀಲೆಣ್ಣೆ ಒಂದೇ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ನೇತು ಹಾಕಿದರೆ ಮುಗಿಯಿತು. ಅದೇ ಹರಳೆಣ್ಣೆ ದೀಪಕ್ಕೆ, ಅದೇ ನಮ್ಮ ನೆತ್ತಿಗೆ, ತಿಂಗಳಿಗೊಮ್ಮೆ ಅದೇ ನಮ್ಮ ಹೊಟ್ಟೆಗೆ. ಅಚ್ಚು, ನೆತ್ತಿ, ಕರುಳು ಎಲ್ಲವೂ ಒಂದೇ ಎಣ್ಣೆಯಲ್ಲಿ ಸಲೀಸಾಗಿ ನಡೆದ ಕಾಲ ಅದು. ಆರಿಸಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ತಪ್ಪು ಆರಿಸುವ ಹೆದರಿಕೆಯೂ ಇರಲಿಲ್ಲ. ಮನುಷ್ಯನಿಗೆ ಮೊದಲ ಚಿಂತೆ ಹುಟ್ಟಿದ್ದು ಅಂಗಡಿಯವನು ಎರಡನೇ ಡಬ್ಬ ತಂದಿಟ್ಟ ದಿನ ಎಂದು ನನ್ನ ಊಹೆ.

ನಾನು ಬೆಳ್ಳೂರಿಗೆ ಹೋಗಿ, ಹೆದ್ದಾರಿ ಪಕ್ಕದ ಅಂಗಡಿಗಳ ಡಬ್ಬಗಳನ್ನೆಲ್ಲ ತಿರುವಿ ಹಾಕಿ ಓದಿ, ಅಂಗಡಿಯವನು "ಸಾರ್, ಪರೀಕ್ಷೆಗೆ ಕಟ್ತೀರಾ?" ಎಂದು ಕೇಳುವವರೆಗೂ ಓದಿ, ಒಂದು ಡಬ್ಬ ತಂದೆ. ಅದು ಮನೆ ಸೇರುವ ಹೊತ್ತಿಗೆ ಸುದ್ದಿ ನೆಂಟರನ್ನೂ ಸೇರಿತ್ತು.

ಮೊದಲು ಬಂದವನು ಪುಟ್ಟಸ್ವಾಮಿ, ನನ್ನ ಹೆಂಡತಿಯ ತಮ್ಮ. ಪಾಂಡವಪುರದ ಹತ್ತಿರ ಅವನದು ಆಲೆಮನೆ. ಕಬ್ಬಿನ ಗಾಣದ ಗೇರಿಗೆ ಹಾಕುವ ನೂರನಲವತ್ತು ನಂಬರಿನ ಎಣ್ಣೆ ತಂದಿದ್ದ. ಜೋನಿಬೆಲ್ಲದಂತೆ ಕಪ್ಪಗೆ, ಮಂದವಾಗಿ ಇತ್ತು. "ನಮ್ ಗಾಣ ಕಬ್ಬನ್ನೇ ಇಪ್ಪೆ ಮಾಡ್ತದೆ ಭಾವ, ಈ ಜೀಪು ಯಾವ್ ಲೆಕ್ಕ? ಇದನ್ನ ಆಕ್ಬುಡಿ, ಗೇರು ಎದ್ದು ಬರಕ್ಕೆ ಎಣ್ಣೆ ಬುಟ್ರೆ ತಾನೆ!"

ಆಮೇಲೆ ಶ್ರೀರಂಗಪಟ್ಟಣದಿಂದ ನಮ್ಮ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣಯ್ಯ ಎನ್ನುವವನು. ಬಸ್ಸು ಓಡಿಸಿ ನಿವೃತ್ತನಾದವನು. ಕೈಯಲ್ಲಿ ತೊಂಬತ್ತು ನಂಬರಿನ ಡಬ್ಬ. ಪುಟ್ಟಸ್ವಾಮಿಯ ಎಣ್ಣೆಯನ್ನು ಕಡ್ಡಿಯಲ್ಲಿ ಎತ್ತಿ ನೋಡಿ, "ಲೇ, ಇದನ್ನ ದೋಸೆಗೆ ನೆಂಚ್ಕೊ ಕಣ್ಲಾ. ಗೇರ್ ಬಾಕ್ಸಿಗೆ ಆಕಿದ್ರೆ ಕಚ್ಕೊಂಡ್ ಕೂತ್ಕೊತದೆ. ನನ್ ಜೀವ್ಮಾನವೆಲ್ಲ ತೊಂಬತ್ತೇ" ಎಂದ.

ಮೂರನೆಯದೇ ಕುತ್ತಿಗೆಗೆ ಬಂದದ್ದು. ಬೀಗರು ಕೆ.ಆರ್. ಪೇಟೆಯ ಎಸ್‌ಟಿಡಿ ಬೂತಿನಿಂದ ನಮ್ಮ ಸ್ಕೂಲಿಗೆ ಫೋನು ಮಾಡಿ, "ಬೀಗ್ರೇ, ನೀವು ಎಣ್ಣೆಗೆ ಪರದಾಡ್ತಿದ್ದೀರಂತೆ, ನಿಮ್ ಮಗಳು ಅಂದ್ಳು. ನಮ್ ಟ್ರಾಕ್ಟರಿನದು ಒಂದು ಕ್ಯಾನು ಕಳಿಸಿವ್ನಿ. ಬೇರೆಯೋರ ಮಾತು ಕೇಳ್ಬೇಡಿ" ಎಂದರು. ಮರುದಿನ ಬಸ್ಸಿನ ಟಾಪಿನಲ್ಲಿ ಕ್ಯಾನು ಬಂತು. ಬಾಯಿಗೆ ಅರಿಸಿನದ ಬಟ್ಟೆ ಕಟ್ಟಿತ್ತು. ಜೇನುತುಪ್ಪದ ಬಣ್ಣದ ಎಣ್ಣೆ.

ಪೇಟೆಯವರಿಗೆ ಇದರಲ್ಲಿ ಸಮಸ್ಯೆ ಕಾಣದಿರಬಹುದು. ಒಳ್ಳೆಯದನ್ನು ಹಾಕಿ, ಉಳಿದದ್ದನ್ನು ಇಡಿ ಎಂದಾರು. ನಮ್ಮಲ್ಲಿ ನೆಂಟರು ತಂದದ್ದನ್ನು ಮೂಲೆಗಿಡುವುದೂ ಬಡಿಸಿದ ಎಲೆಯಿಂದ ಎದ್ದು ಹೋಗುವುದೂ ಒಂದೇ. ಬೀಗರ ಎಣ್ಣೆ ಬಿಟ್ಟರೆ ಮಗಳು ಅತ್ತೆಮನೆಯಲ್ಲಿ ತಲೆ ತಗ್ಗಿಸಬೇಕು. ಭಾವಮೈದನದು ಬಿಟ್ಟರೆ ಹೆಂಡತಿ ಮಾತು ಬಿಡುತ್ತಾಳೆ. ಅಣ್ಣಯ್ಯನದು ಬಿಟ್ಟರೆ ಹಬ್ಬಕ್ಕೆ ಹಬ್ಬಕ್ಕೆ ಕೇಳುತ್ತಲೇ ಇರಬೇಕು. ಗೇರೆಣ್ಣೆ ಆರಿಸಲು ಹೊರಟವನು ಯಾರ ಮುನಿಸು ಕಟ್ಟಿಕೊಳ್ಳಬೇಕೆಂದು ಆರಿಸುವ ಹಂತಕ್ಕೆ ಬಂದಿದ್ದೆ. ಮೂರನ್ನೂ ಬೆರೆಸಿಬಿಡೋಣವೆಂದರೆ, ಒಂದಕ್ಕೊಂದು ಹೊಂದದೆ ಮೊಸರಿನಂತೆ ಒಡೆದುಹೋದರೆ ಎಂಬ ಭಯ.

ಹೆಂಡತಿ ಅವರೆಕಾಯಿ ಬಿಡಿಸುತ್ತಾ ನನ್ನ ಗೋಳನ್ನು ಕೇಳಿದಳು. "ಅಲ್ಲಾ ಕಣ್ರೀ, ಮೊನ್ನೆ ನೀವೇ ಅಂತಿದ್ರಲ್ಲ, ಜೀಪಿಗೆ ಒಂದ್ ತಾವಲ್ಲ, ಎಷ್ಟೋ ತಾವು ಎಣ್ಣೆ ಉಯ್ಬೇಕು ಅಂತ?"

"ನಾಲ್ಕು ತಾವು. ಗೇರ್ ಬಾಕ್ಸು. ಅದರ ಬೆನ್ನಿಗೆ ನಾಲ್ಕು ಚಕ್ರಕ್ಕೂ ಬಲ ಹಂಚೋ ಇನ್ನೊಂದು ಪೆಟ್ಟಿಗೆ. ಮುಂದಿನ ಅಚ್ಚಿನ ನಡುವೆ ಗೇರು ತುಂಬಿರೋ ಒಂದು ಉಂಡೆ, ಹಿಂದಿನ ಅಚ್ಚಿಗೂ ಅಂಥದ್ದೇ ಒಂದು ಉಂಡೆ."

"ಎಣ್ಣೆ ಎಷ್ಟು ತರದ್ದದೆ?"

"ನಂದೂ ಸೇರಿ ನಾಲ್ಕು."

"ಮತ್ತೆ? ಒಂದೊಂದ್ ಪಂಕ್ತೀಲಿ ಒಬ್ಬೊಬ್ರುನ್ನ ಕೂರ್ಸಿ" ಎಂದು ಅವಳು ಮುಂದಿನ ಕಾಯಿಗೆ ಕೈ ಹಾಕಿದಳು.

ಬರೀ ಕಾರಿನವರಿಗೆ ಈ ಭಾಗ್ಯವಿಲ್ಲ. ಇಷ್ಟೊಂದು ನೆಂಟರಿರುವವನು ಜೀಪನ್ನೇ ಕೊಳ್ಳಬೇಕು ಎಂದು ನನಗೆ ಆಗ ಅನ್ನಿಸಿತು. ನಾಗಮಂಗಲಕ್ಕೆ ಹೋಗಿ, ಗ್ಯಾರೇಜಿನಲ್ಲಿ ಹಳೆಯದನ್ನೆಲ್ಲ ಇಳಿಸಿ, ಬೀಗರ ಎಣ್ಣೆಯನ್ನು ಗೇರ್ ಬಾಕ್ಸಿಗೆ ಹುಯ್ಯಿಸಿದೆ. ಬೀಗರಿಗೆ ನಡುಮನೆಯೇ ಸರಿ. ಅಣ್ಣಯ್ಯನದು ಮುಂದಿನ ಉಂಡೆಗೆ, ಪುಟ್ಟಸ್ವಾಮಿಯ ಮಂದದ ಎಣ್ಣೆ ಹಿಂದಿನ ಉಂಡೆಗೆ. ಉಳಿದ ಪೆಟ್ಟಿಗೆಗೆ ನಾನು ಅಷ್ಟು ಓದಿ ತಂದದ್ದು. ಗೇರ್ ಬಾಕ್ಸಿಗೂ ಆ ಪೆಟ್ಟಿಗೆಗೂ ನಡುವೆ ಇರುವ ಸೀಲು ಹಳೆಯದಾದರೆ ಎಣ್ಣೆ ಆಚೀಚೆ ಸ್ವಲ್ಪ ಓಡಾಡುತ್ತದಂತೆ. ನನ್ನದೂ ಬೀಗರದೂ ತಾನೆ, ಓಡಾಡಲಿ ಎಂದುಕೊಂಡೆ.

ಔತಣದ ದಿನ ಅಣ್ಣಯ್ಯ ಮುಂಚೆಯೇ ಬಂದು ಜಗಲಿ ಹಿಡಿದಿದ್ದ. ಪುಟ್ಟಸ್ವಾಮಿ ಬೆಳಗ್ಗೆಯಿಂದ ಹಿತ್ತಿಲಿನಲ್ಲಿ ಒಲೆ, ಸೌದೆ, ಹಂಡೆ ಎಂದು ಬೆವರು ಸುರಿಸುತ್ತಿದ್ದ. ನಾನು ಬಿಂಡಿಗನವಿಲೆಗೆ ಹೋದೆ. ಬೀಗರು ಮುಂದೆ, ಬೀಗಿತ್ತಿ ಮತ್ತು ಅವರ ಕಡೆಯವರು ಹಿಂದೆ. ಹಳ್ಳ ದಾಟಿತು. ದಿಣ್ಣೆ ಬಂತು. ಮುಂದಿನ ಚಕ್ರಕ್ಕೂ ಬಲ ಕೊಡುವ ಕಡ್ಡಿ ಎಳೆದು, ಎರಡನೇ ಗೇರು ಹಾಕಿ, ಮೊಣಕಾಲನ್ನು ಮರ್ಯಾದೆಯಾಗಿ ಇಟ್ಟುಕೊಂಡು ಮನೆದೇವರನ್ನು ನೆನೆದೆ. ಗೇರು ಅಲ್ಲಾಡಲಿಲ್ಲ. ಜೀಪು ಗೊಣಗುತ್ತಾ, ತುಂಬಿದ ಬಸುರಿಯ ಹಾಗೆ ನಿಧಾನವಾಗಿ ಏರಿತು.

"ನಮ್ಮೆಣ್ಣೆ ತಾನೆ ಆಕಿದ್ದು?" ಬೀಗರು ಮೀಸೆಯಲ್ಲೇ ನಕ್ಕರು.

"ನಿಮ್ದೇ ಬೀಗ್ರೇ" ಎಂದೆ. ಸುಳ್ಳೇನಲ್ಲ.

ಅಂಗಳದ ಹೊಂಗೆಮರದ ಕೆಳಗೆ ಜೀಪು ನಿಂತಿತು. ಹಿಂದಿನ ದಿನವೇ ತವರಿಗೆ ಬಂದಿದ್ದ ಮಗಳು ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಬೀಗರು ನೀರಿಗೆ ಕೈ ಚಾಚಲಿಲ್ಲ. ಬಿಳಿ ಪಂಚೆ ಎತ್ತಿಕಟ್ಟಿ, ಜೀಪಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಹಿಂದಿನ ಉಂಡೆಯಿಂದ ಒಂದು ಹನಿ ಬೀಳಲೋ ಬೇಡವೋ ಎಂದು ನೇತಾಡುತ್ತಿತ್ತು. ಅದನ್ನು ಬೆರಳಿಗೆ ತಗೊಂಡರು, ಉಜ್ಜಿದರು, ಮೂಸಿದರು.

"ಇದು ನಮ್ದಲ್ಲ ಕಣ್ ಬೀಗ್ರೇ. ನಮ್ದು ಜೇನಿನಂಗದೆ. ಇದು ಒಳ್ಳೆ ಜೋನಿಬೆಲ್ಲ!"

ಹಿತ್ತಿಲಿನಿಂದ ಹಂಡೆ ಹೊತ್ತು ಬರುತ್ತಿದ್ದ ಪುಟ್ಟಸ್ವಾಮಿ ಅಲ್ಲಿಂದಲೇ ಕೂಗಿದ: "ಅದ್ ನಂದು! ನಮ್ ಗಾಣದ್ದು!"

ಜಗಲಿಯಿಂದ ಅಣ್ಣಯ್ಯ: "ಯಾವನ್ಲಾ ಅವ್ನು ಗಾಣದ್ದು ಅನ್ನೋನು? ನನ್ ತೊಂಬತ್ ನಂಬರ್ ಆಕವ್ನೆ ಕಣ್ಲಾ, ನಂಗೇ ಏಳವ್ನೆ."

ಮೂವರೂ ನನ್ನನ್ನು ನೋಡಿದರು. ಮಗಳ ತಂಬಿಗೆಯಿಂದ ನೀರು ತುಳುಕಿತು. ಅವಳ ಮುಖ ನೋಡಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ನಾಲ್ಕು ಹೊಟ್ಟೆಯ ಕಥೆಯನ್ನು ತರಗತಿಯಲ್ಲಿ ಹೇಳುವಂತೆ, ಬೆರಳು ಮಡಿಸುತ್ತಾ, ಯಾರದು ಎಲ್ಲೆಲ್ಲಿ ಎಂದು ಪೂರ್ತಿ ಹೇಳಿಬಿಟ್ಟೆ.

ಬೀಗರು ಬೆರಳಿನ ಎಣ್ಣೆಯನ್ನು ಜೀಪಿನ ಚಕ್ರಕ್ಕೆ ಒರೆಸಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ಅಂದ್ರೆ ಈ ದಿಣ್ಣೆನ ನಾವೆಲ್ಲ ಸೇರ್ಕಂಡು ಅತ್ತಿಸ್ದೋ ಅನ್ನಿ! ತತ್ತಾರವ್ವ ನೀರ!" ಮಗಳು ನೀರು ಕೊಟ್ಟಳು. ಅವಳ ಮುಖದಲ್ಲಿ ಬೆಳಕು ಬಂದದ್ದು ನೋಡಿ, ನನ್ನ ಎದೆಯೊಳಗೆ ಎಷ್ಟೋ ದಿನದಿಂದ ಎದ್ದು ಎದ್ದು ಬರುತ್ತಿದ್ದ ಗೇರೊಂದು ನೆಟ್ಟಗೆ ಕೂತಿತು.

ಆದರೆ ಪುಟ್ಟಸ್ವಾಮಿ ಹಂಡೆ ಇಳಿಸಿ ಅಲ್ಲೇ ನಿಂತಿದ್ದ. "ಬೀಗ್ರುನ್ನ ನಡುಮನೇಲಿ ಕೂರ್ಸುದ್ರಿ. ಅಣ್ಣಯ್ಯನ್ನ ಮುಂದ್ಲ ಜಗಲೀಲಿ ಕೂರ್ಸುದ್ರಿ. ನನ್ನ ಇತ್ಲಿಗೆ ಆಕ್ದ್ರಾ ಭಾವ?"

"ಲೋ, ದಿನಾ ಗಾಡಿ ತಳ್ಳೋದು ಇಂದ್ಲ ಚಕ್ರ ಕಣೋ" ಎಂದು ಅವನ ಅಕ್ಕ ಒಳಗಿನಿಂದ ಸಮಾಧಾನ ಹೇಳಿದಳು. "ಮುಂದ್ಲದು ದಿಣ್ಣೆ ಬಂದಾಗ ಮಾತ್ರ."

ಅವಳ ಮಾತು ನಿಜ, ಜೀಪಿಗೂ ನಿಜ, ಮದುವೆ ಮನೆಗೂ ನಿಜ. ಚಪ್ಪರಕ್ಕೆ ಗರಿ ತಂದವನಿಂದ ಹಿಡಿದು ಒಲೆಗೆ ಸೌದೆ ಒಡೆದವನವರೆಗೆ ಎಲ್ಲ ಪುಟ್ಟಸ್ವಾಮಿಯೇ. ಆದರೆ ತಳ್ಳುವವನಿಗೆ ತಾನೇ ತಳ್ಳುತ್ತಿರುವುದು ಎಂದು ತಿಳಿಸಿದರೆ ಸಾಲದು. ಒಮ್ಮೆಯಾದರೂ ಮುಂದೆ ಕೂರಿಸಬೇಕು. ಅಷ್ಟು ಡಬ್ಬಗಳ ಮೇಲಿನದನ್ನೆಲ್ಲ ಓದಿದವನಿಗೆ ಇದು ಗೊತ್ತಿರಲಿಲ್ಲ.

ಊಟ ಚೆನ್ನಾಯಿತು. ಉಪ್ಪು ಸರಿಯಿತ್ತು, ಮುದ್ದೆ ಮೆತ್ತಗಿತ್ತು, ಬೀಗಿತ್ತಿಯವರು ಕೇಳಿ ಕೇಳಿ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ಪುಟ್ಟಸ್ವಾಮಿ ಕೂತ. ಎರಡನೇ ಸಲ ಸಾರಿಗೆ ನಾನೇ ಸೌಟು ಹಿಡಿದು ಹೋದೆ. ಅವನು ತಲೆ ಎತ್ತದೆ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕು ಭಾವ. ಮುಂದ್ಲೋರ್ಗೆ ಬಡ್ಸಿ."