ಗಡಿಯಿಂದ ಒಳಗೆ ಸರಿದ ಬೇಲಿ

ದಾದಾಸಾಹೇಬ ಕಾಂಬಳೆ ಅವರ ಅಂಗಳದಲ್ಲಿ ಕಸ ಗುಡಿಸುವ ಮೊದಲು ಒಂದು ತಪಾಸಣೆ ನಡೆಯುತ್ತಿತ್ತು. ಹಿಂದಿನ ಸಂಜೆ ಅವರು ಜಾಲಿಯ ಟೊಂಗೆಯೊಂದನ್ನು ಹಗ್ಗಕ್ಕೆ ಕಟ್ಟಿ ಎಳೆದು ಮಣ್ಣನ್ನು ನುಣುಪು ಮಾಡಿಟ್ಟಿರುತ್ತಿದ್ದರು. ಬೆಳಿಗ್ಗೆ ಎದ್ದವರೇ ಬಗ್ಗಿ ಹೆಜ್ಜೆಗುರುತು ನೋಡುತ್ತಿದ್ದರು. ಹೆಂಡತಿ ಶಾಂತಾಬಾಯಿ ಪೊರಕೆ ಹಿಡಿದು ಕಾಯುತ್ತ ನಿಲ್ಲಬೇಕು.

“ಎರಡು ನಾಯಿ ಬಂದಾವ. ಒಂದು ಕುಂಟತೈತಿ. ಹಾಲಿನವ ಇವತ್ತ ಹೊಸ ಚಪ್ಪಲಿ ಹಾಕ್ಯಾನ.”

“ಪಾಕಿಸ್ತಾನದವ್ರು ಯಾರೂ ಬಂದಿಲ್ಲಲ್ರಿ? ಹಂಗಾರ ಸರೀರಿ, ಕಸಾ ಹೊಡೀತೀನಿ.”

ದಾದಾ ನಮ್ಮ ಭೋಜ ಗ್ರಾಮದವರು. ಗಡಿ ಕಾಯುವ ಪಡೆಯಲ್ಲಿದ್ದು ಪಂಜಾಬಿನಲ್ಲೂ ರಾಜಸ್ಥಾನದಲ್ಲೂ ತಂತಿಬೇಲಿಯ ಪಕ್ಕ ಬಾಳಿನ ಅರ್ಧ ಭಾಗ ಕಳೆದವರು. ಯುದ್ಧ ನೋಡಿದ್ದೀರಾ ಎಂದು ಹುಡುಗರು ಕೇಳಿದರೆ, “ಯುದ್ಧ ಇಲ್ಲಪಾ, ತಂತಿ ನೋಡೀನಿ” ಎನ್ನುತ್ತಿದ್ದರು. ನಾನು ಚಿಕ್ಕೋಡಿಯ ಒಂದು ವಿದ್ಯಾರ್ಥಿ ನಿಲಯದಲ್ಲಿ ವಾರ್ಡನ್ ಆಗಿದ್ದವನು. ಗಂಟೆ ಹೊಡೆಯುವ ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಆ ಗಂಟೆಗೇ ಏಳುತ್ತಿದ್ದೆ. ಊರಲ್ಲಿ ಅಷ್ಟು ಬೇಗ ಎದ್ದು ಏನೂ ಕೆಲಸವಿಲ್ಲದವರು ನಾವಿಬ್ಬರೇ. ಹಾಗಾಗಿ ಜೊತೆಗೆ ನಡೆಯತೊಡಗಿದೆವು.

ನಡೆಯುವಾಗ ಅವರ ಕಣ್ಣು ಗೋಡೆ, ಬೇಲಿ, ಬದುಗಳ ಮೇಲೇ. ಊರ ಹಳೆಯ ಹುಡೇವಿನ, ಅಂದರೆ ಕಾವಲು ಬುರುಜಿನ, ಬುಡಕ್ಕೆ ಬಂದಾಗ ತಪ್ಪದೆ ನಿಲ್ಲುತ್ತಿದ್ದರು. ಒಂದು ಕಾಲಕ್ಕೆ ಅದರ ಮೇಲೆ ನಿಂತು ದಂಡು ಬರುವುದನ್ನು ಕಾಯುತ್ತಿದ್ದರಂತೆ. ಈಗ ಅದರ ಅರ್ಧ ಕಲ್ಲು ಊರವರ ಮನೆಗಳ ಬುನಾದಿಯಲ್ಲಿದೆ. ಇದರಲ್ಲಿ ದಾದಾಗೆ ಬೇಸರವೇನೂ ಇರಲಿಲ್ಲ. ಕಾಯುವ ಗೋಡೆ ಕೊನೆಗೆ ಮನೆಗೆ ಬಂದರೆ ಒಳ್ಳೆಯದೇ ಎನ್ನುತ್ತಿದ್ದರು. ಊರ ಪಕ್ಕದಲ್ಲೇ ಇದ್ದ ನಮ್ಮ ರಾಜ್ಯದ ಗಡಿಯನ್ನಂತೂ ಅವರು ಗಡಿಯೆಂದೇ ಎಣಿಸಿರಲಿಲ್ಲ. “ಇದೇನ್ ಬಾರ್ಡರ್ ರೀ ಮಾಸ್ತರ? ಆ ಕಡೆ ಹೋಗಿ ಚಹಾ ಕುಡೀತಾರ, ಈ ಕಡೆ ಬಂದು ಉಗುಳತಾರ.”

ನಿಜವಾದ ಗಡಿಯ ವಿಷಯ ಬಂದರೆ ದನಿ ಕೊಂಚ ತಗ್ಗುತ್ತಿತ್ತು. ಅಲ್ಲಿ ಬೇಲಿಯನ್ನು ಗಡಿಗೆರೆಯ ಮೇಲೆ ಹಾಕುವುದಿಲ್ಲ. ನಮ್ಮ ನೆಲದಲ್ಲಿ ಸಾಕಷ್ಟು ಒಳಗೆ ಸರಿದು ಹಾಕುತ್ತಾರೆ. ಬೇಲಿಯ ಆಚೆ ಉಳಿದ ಹೊಲವೂ ನಮ್ಮ ರೈತರದ್ದೇ. ಅವರು ಗೇಟಿನಲ್ಲಿ ತಪಾಸಣೆ ಮಾಡಿಸಿಕೊಂಡು ಹೋಗಿ, ಹೇಳಿದ ಹೊತ್ತಿಗೆ ಮರಳಬೇಕು. ಎತ್ತರದ ಬೆಳೆ ಬೆಳೆಯುವಂತಿಲ್ಲ, ಕಬ್ಬಿನ ಮಾತೇ ಇಲ್ಲ. ದಾದಾ ಕಾಯುತ್ತಿದ್ದ ಗೇಟಿಗೆ ದಿನಾಲು ಒಬ್ಬ ಮುದುಕ ಸರದಾರ ಬರುತ್ತಿದ್ದನಂತೆ. ಟ್ರ್ಯಾಕ್ಟರಿನಿಂದ ಇಳಿದು, ಕೈ ಮೇಲೆತ್ತಿ ತಪಾಸಣೆಗೆ ನಿಂತು, ನಗುತ್ತ ಹೇಳುತ್ತಿದ್ದನಂತೆ. ಅವನ ಮಾತನ್ನು ದಾದಾ ನಮ್ಮ ಕನ್ನಡದಲ್ಲಿ ಹೀಗೆ ಹೇಳುತ್ತಿದ್ದರು: “ನೆಲ ನಂದು, ಹೊತ್ತು ನಿಂದು.”

ಇಂಥವರ ಕೈಗೆ ಬಾಳಗೌಡ ಪಾಟೀಲರು ತಮ್ಮ ಹೊಲದ ಬೇಲಿಯ ಕೆಲಸ ಕೊಟ್ಟರು.

ಪಾಟೀಲರ ಹೊಲದ ಹಿಂದೆ, ಹಳ್ಳದ ಕಡೆಗೆ, ದಸ್ತಗೀರ ಮುಲ್ಲಾನ ಹೊಲ. ಅವನ ಕಬ್ಬು ರಸ್ತೆ ಸೇರಬೇಕಾದರೆ ಪಾಟೀಲರ ಹೊಲದ ಅಂಚಿನಲ್ಲೇ ಹೋಗಬೇಕು. ಬೇರೆ ದಾರಿಯಿಲ್ಲ. ಹಿಂದಿನ ಹಂಗಾಮಿನಲ್ಲಿ ಅವನ ಟ್ರಾಲಿ ಪಾಟೀಲರ ನೀರಿನ ಪೈಪು ಒಡೆದಿತ್ತು. ಮಾತಿಗೆ ಮಾತು ಬೆಳೆದು ಇಬ್ಬರ ಅಪ್ಪಂದಿರ ಹೆಸರುಗಳೂ ಬಂದವು. ಬದುವಿನ ಮೇಲೆಯೇ ಬೇಲಿ ಹಾಕಿ ದಾರಿ ಮುಚ್ಚುವುದೆಂದು ಪಾಟೀಲರು ತೀರ್ಮಾನಿಸಿದರು. ಕಬ್ಬು ಕಡಿಯುವ ಗ್ಯಾಂಗ್ ಊರಿಗೆ ಬರುವ ದಿನ ಹತ್ತಿರವಿತ್ತು. ಟ್ರಾಲಿ ಹೋಗದ ಹೊಲಕ್ಕೆ ಗ್ಯಾಂಗ್ ಇಳಿಯುವುದಿಲ್ಲ. ದಸ್ತಗೀರನ ವರ್ಷದ ದುಡಿಮೆ ನಿಂತಲ್ಲೇ ಒಣಗುವುದು ಖಾತ್ರಿಯಾಗಿತ್ತು.

ಹೋಟೆಲಿನ ಮುಂದೆ, ನಾಲ್ಕು ಜನರ ಎದುರಿಗೇ, ಪಾಟೀಲರು ಹೇಳಿದರು: “ದಾದಾ, ಬಾರ್ಡರಿನ್ಯಾಗ ಹಾಕತಾರಲ, ಹಂಗ ಹಾಕು. ಇಲಿ ಸೈತ ನುಸೀಬಾರದು.”

ದಾದಾ ಒಪ್ಪಿದರು. ಪಾಟೀಲರು ಮನೆಮಂದಿಯೊಂದಿಗೆ ತಿರುಪತಿಗೆ ಹೊರಟರು. ಅತ್ತ ದಸ್ತಗೀರ ದಾದಾರ ಮನೆಯ ಮುಂದೆ ನಿಂತು, ನೀವೂ ಅವರ ಕಡೆಯವರಾದಿರಾ ಎಂದು ಕೇಳಿ, ಕೊಟ್ಟ ನೀರನ್ನೂ ಮುಟ್ಟದೆ ಹೋದ. ದಾದಾ ಅಳತೆಯ ದಾರ ಹಿಡಿದು ಹೊಲಕ್ಕೆ ನಡೆದರು.

ಪಾಟೀಲರು ಮರಳಿದಾಗ ಬೇಲಿ ಸಿದ್ಧವಾಗಿತ್ತು. ಅಷ್ಟು ನೆಟ್ಟಗಿನ ಬೇಲಿ ಸುತ್ತಲಿನ ಊರುಗಳಲ್ಲಿರಲಿಲ್ಲ. ಕಂಬಗಳ ಬುಡಕ್ಕೆ ಸಿಮೆಂಟ್, ತಂತಿ ವೀಣೆಯಂತೆ ಬಿಗಿ, ಜೋಡಿ ಜೋಡಿಯಾಗಿ ತೂಗುಬಿಟ್ಟ ಖಾಲಿ ಬಾಟಲಿಗಳು. ಯಾರಾದರೂ ತಂತಿ ಮುಟ್ಟಿದರೆ ಕಿಣಿಕಿಣಿ ಸದ್ದು. ನಡುವೆ ಬೀಗ ಹಾಕಿದ ಕಬ್ಬಿಣದ ಗೇಟು. ಎಲ್ಲ ಸರಿ, ಆದರೆ ಬೇಲಿ ಬದುವಿನ ಮೇಲಿರಲಿಲ್ಲ. ಪಾಟೀಲರ ಹೊಲದಲ್ಲಿ ಹನ್ನೆರಡು ಫೂಟು ಒಳಗಿತ್ತು. ಅಂಚಿನ ಹಳೆಯ ದಾರಿ ಬೇಲಿಯ ಹೊರಗೆ ತೆರೆದೇ ಉಳಿದಿತ್ತು.

ಸುದ್ದಿ ಕೇಳಿ ಅರ್ಧ ಊರು ಹೊಲಕ್ಕೆ ಬಂತು. ನಾನೂ ಹೋದೆ. ಪಾಟೀಲರು ಮುಖ ಕೆಂಪಗೆ ಮಾಡಿಕೊಂಡು ಬದುವಿನ ಮೇಲೆ ನಿಂತಿದ್ದರು. ದಾದಾ ಅವರ ಮುಂದೆ ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ನಿಂತು ವರದಿ ಒಪ್ಪಿಸುವಂತೆ ಹೇಳಿದರು: “ಗಡಿ ಮ್ಯಾಲ ಬೇಲಿ ಹಾಕಂಗಿಲ್ರಿ ಗೌಡ್ರ. ಒಳಗ ಸರದು ಹಾಕೋದ ಕಾಯ್ದೆ. ಹೊರಗಿನ ನೆಲಾನೂ ನಿಮ್ದ ಐತಿ. ಗೇಟ್ ಇಟ್ಟೀನಿ. ತಗೋರಿ ಚಾವಿ.”

“ಏ ದಾದಾ, ದಸ್ತಗೀರ ಏನ್ ಪಾಕಿಸ್ತಾನೇನೋ?”

“ಮತ್ತ ಬಾರ್ಡರ್ ಬೇಲಿ ಯಾಕ ಕೇಳಿದ್ರಿ?”

ನೆರೆದವರು ನಕ್ಕರು. ನಗು ನಿಂತ ಮೇಲೂ ಪಾಟೀಲರ ಸಿಟ್ಟು ನಿಲ್ಲಲಿಲ್ಲ. ಹೊರಗುಳಿದ ಪಟ್ಟಿಗೆ ಅಡ್ಡಲಾಗಿ ಜೆಸಿಬಿಯಿಂದ ಗುಂಡಿ ತೋಡಿಸುತ್ತೇನೆ ಎಂದರು. ಅದು ಅವರ ನೆಲ, ಅವರ ಹಕ್ಕು. ದಾದಾ ಅದಕ್ಕೂ ತಲೆಯಾಡಿಸಿ, ನೇರ ದಸ್ತಗೀರನ ಬಳಿಗೆ ಹೋದರು. ಗೌಡರ ಮುಂದೆ ನಿಂತು ದಾರಿ ಕೇಳು ಎಂದರು. ಅಂವನ ಮುಂದ ನಾ ನಿಂದ್ರಂಗಿಲ್ಲ ಎಂದು ದಸ್ತಗೀರ ಹಟ ಹಿಡಿದ.

“ನಿಂದ್ರಬೇಕಪಾ,” ಎಂದರು ದಾದಾ. “ಪಂಜಾಬಿನ್ಯಾಗ ತನ್ನ ಹೊಲಕ್ಕ ಹೋಗಾಕ ಸರದಾರ ದಿನಾ ನಿಂದ್ರತಿದ್ದ. ನೀ ಇನ್ನೊಬ್ಬರ ಹೊಲದಾಗ ಹೋಗಾವ. ವರ್ಷಕ್ಕ ಒಮ್ಮಿ ನಿಂದ್ರಾಕ ಏನ್ ಕಾಲ ನೋಯ್ತಾವೇನು?”

ದಸ್ತಗೀರ ಗೇಟಿನ ಹೊರಗೆ ಬಂದು ನಿಂತ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಹೋದ ವರ್ಷದ ಪೈಪು ತನ್ನ ತಪ್ಪೆಂದು, ಕಬ್ಬು ಹೋಗಲು ದಾರಿ ಕೊಡಬೇಕೆಂದು, ನೆಲ ನೋಡುತ್ತ ಹೇಳಿದ. ಬೇಲಿಯ ಒಳಗೆ ಪಾಟೀಲರು ಚಾವಿಯನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದರು. ಆಮೇಲೆ, ಊರಿಗೆಲ್ಲ ಕೇಳುವಂತೆ, ಹೊತ್ತು ಹುಟ್ಟಿದ ಮೇಲೆ ಬರಬೇಕು, ಹೊತ್ತು ಮುಳುಗುವುದರೊಳಗೆ ಕೊನೆಯ ಟ್ರಾಲಿ ಹೋಗಿರಬೇಕು, ಒಂದು ನಿಮಿಷ ತಡವಾದರೂ ಗುಂಡಿಯೇ ಗತಿ ಎಂದರು. ಗುಂಡಿ ತೋಡಿಸಲಿಲ್ಲ. ಗ್ಯಾಂಗ್ ಬಂತು, ಕಬ್ಬು ಹೋಯಿತು. ಆ ದಿನಗಳಲ್ಲಿ ದಾದಾ ದಾರಿ ರಸ್ತೆ ಸೇರುವ ತಿರುವಿನಲ್ಲಿ ನಿಂತು ಸೀಟಿ ಊದಿ ಟ್ರಾಲಿ ಬಿಡುತ್ತಿದ್ದರು. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂದಿನ ಹಂಗಾಮಿಗೆ ಅವರು ಮೀರಜಿನ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದಾಗ ಮೊದಲು ಕೇಳಿದ್ದು ದಸ್ತಗೀರನ ಕಬ್ಬಿನ ಬಗ್ಗೆ. ಹೋಯಿತು ಎಂದೆ. ಕೇಳಿಕೊಂಡು ಹೋದನೇ ಎಂದರು. ಕೇಳಿದ, ಪಾಟೀಲರು ಹೊತ್ತು ಹೇಳಿದರು ಎಂದೆ. ಅವರಿಗೆ ಸಮಾಧಾನವಾಯಿತು. ಒಂದು ವರ್ಷದಿಂದ ನನ್ನೊಳಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಬೇಲಿ ಒಳಗೆ ಸರಿದದ್ದು ಕೈಯ ರೂಢಿಯಿಂದಲೋ, ಬೇಕೆಂದೋ?

“ರೂಢೀನರಿ,” ಎಂದರು. “ಆದ್ರ ಹನ್ನೆರಡು ಫೂಟ್ ರೂಢಿ ಅಲ್ಲ. ಟ್ರಾಲಿ ತಿರಗಾಕ ಎಷ್ಟ ಜಾಗ ಬೇಕಂತ ಮದಲ ನೋಡಿ ಬಂದಿದ್ನಿ, ಮಾಸ್ತರ.”

ಆ ಮಾತಿನ ನಂತರ ನೀರು ಕೇಳಿದರು. ಕುಡಿಸಿದೆ. ನನ್ನ ಬಸ್ಸಿನ ಹೊತ್ತಾಗಿತ್ತು.

ಮುಂದಿನ ವಾರ ಅವರು ತೀರಿಕೊಂಡರು. ಮಣ್ಣಿಗೆ ಊರೆಲ್ಲ ಬಂದಿತ್ತು. ಪಾಟೀಲರೂ ದಸ್ತಗೀರನೂ ಒಂದೇ ಸಾಲಿನಲ್ಲಿದ್ದರು, ನಡುವೆ ಒಂದು ಟ್ರಾಲಿ ಹೋಗುವಷ್ಟು ಜಾಗ ಬಿಟ್ಟು.