ಅತ್ತೆ ಮಾಡಿಸಿದ ಮೀನಿನ ಸ್ಟ್ಯಾಂಡ್

ನಮ್ಮ ಅತ್ತೆಯ ಬಲಗೈ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪಗಿತ್ತು. ತೆಂಗಿನಕಾಯಿ, ಮಣ್ಣಿನ ಕೊಡ, ಬಾಗಿಲಿನ ಹಲಗೆ, ಯಾವುದನ್ನೂ ಅದರಿಂದ ಬಡಿದು, ಕಿವಿಗೊಟ್ಟು ಕೇಳದೆ ಕೊಂಡವರಲ್ಲ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಅವರು ಬಂದರೆಂದರೆ ಸಿಂಧನೂರಿನ ಅಂಗಡಿಯವರು ಒಳ್ಳೆಯ ಮಾಲನ್ನೇ ಮುಂದಿಡುತ್ತಿದ್ದರು. ಮಾತು ಕಡಿಮೆ. ಬೇಡವಾದದ್ದಕ್ಕೆ "ಇರ್ಲಿ ಬಿಡು" ಎಂದರೆ ಅಲ್ಲಿಗೆ ಮುಗಿಯಿತು.

ನನ್ನ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡ ವರ್ಷ ನಾನು ಮಾತು ಬಿಟ್ಟಿದ್ದೆ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೆ. ಮಸ್ಕಿಯ ತವರಿಗೂ ಹೋಗಲಿಲ್ಲ. ಅವ್ವ ನೋಡಿದೊಡನೆ ಅಳುತ್ತಾಳೆಂಬ ಭಯ. ಅತ್ತೆ ಸಮಾಧಾನದ ಮಾತು ಆಡಲಿಲ್ಲ. ಆಡಲು ಬಂದವರಿಗೆ ಚಹಾ ಕೊಟ್ಟು ಬೇಗ ಕಳಿಸುತ್ತಿದ್ದರು.

ಒಮ್ಮೆ ಅವರ ಹಲ್ಲು ತೋರಿಸಲು ಲಿಂಗಸುಗೂರಿಗೆ ಹೋಗಿದ್ದೆವು. ದವಾಖಾನೆಯ ಹೊರಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಕಿತ್ತಳೆ ಬಣ್ಣದ ಮೀನುಗಳು. ನಾನು ಅವನ್ನೇ ನೋಡುತ್ತ ಕುಳಿತುಬಿಟ್ಟೆ. ಅತ್ತೆಯನ್ನು ಒಳಗೆ ಕರೆದದ್ದಾಗಲಿ, ಅವರು ಹಲ್ಲು ಕೀಳಿಸಿಕೊಂಡು ಹೊರಬಂದದ್ದಾಗಲಿ ನನಗೆ ತಿಳಿಯಲೇ ಇಲ್ಲ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಅವರು ನನ್ನ ಪಕ್ಕದಲ್ಲಿ ಕುಳಿತಿದ್ದನ್ನು ಕಂಡದ್ದು ಬಹಳ ಹೊತ್ತಿನ ಮೇಲೆ.

ಕೆಲವು ದಿನಗಳ ಮೇಲೆ, ಊಟದ ಹೊತ್ತಿಗೆ, ಪಡಸಾಲೆಗೊಂದು ಮೀನಿನ ತೊಟ್ಟಿ ಬೇಕು, ಅದೂ ಮಂಚದಷ್ಟು ಉದ್ದದ್ದು ಎಂದರು. ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ನೋಡಿದರು. ಅತ್ತೆಯ ಭಾವ, ನಮ್ಮ ದೊಡ್ಡ ಮಾವನವರು, ಲಿಂಗಪೂಜೆಯ ಮನೆಯಲ್ಲಿ ಮೀನು ಎಂಥದೆಂದು ತಕರಾರು ತೆಗೆದರು.

"ಸಾಕಾಕ ತರಾಕತ್ತೀವ್ರಿ, ಅಡಿಗಿಗಲ್ಲ," ಎಂದರು ಅತ್ತೆ.

ಗಾಜಿನ ತೊಟ್ಟಿ ರಾಯಚೂರಿನಿಂದ ಬರುವುದೆಂದಾಯಿತು. ಅದನ್ನು ಹೊರುವ ಸ್ಟ್ಯಾಂಡನ್ನು ಮಾತ್ರ ತಾವೇ ನಿಂತು ಮಾಡಿಸುವುದಾಗಿ ಹೇಳಿದರು. ತುಂಬಿದ ತೊಟ್ಟಿಯೆಂದರೆ ಹತ್ತು ಚೀಲ ಭತ್ತದ ಭಾರ, ಹೊರುವುದು ಗಟ್ಟಿಯಿರಬೇಕು. ಎಲ್ಲಿಗೆ ಹೋದರೂ ನಾನು ಜೊತೆಗಿರಬೇಕು ಎಂಬುದೂ ಅವರದೇ ಹುಕುಂ.

ಪ್ಲೈವುಡ್ ಅಂಗಡಿಯಿಂದ ನಾಲ್ಕಾರು ಬಗೆಯ ತುಂಡುಗಳನ್ನು ತಂದು ಹಿತ್ತಲಿನ ಹಂಡೆಯಲ್ಲಿ ಮುಳುಗಿಸಿಟ್ಟರು. ಬೆಳಿಗ್ಗೆ ಎದ್ದೊಡನೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಪುಡಿ ಅಂಟಿಸಿ ಮಾಡಿದ ಹಲಗೆ ನೆನೆದ ರೊಟ್ಟಿಯಂತೆ ಉಬ್ಬಿತು. ಅಗ್ಗದ ಪ್ಲೈವುಡ್ಡಿನ ಪದರು ಬಿಟ್ಟಿತು. ಒಂದೇ ಒಂದು ತುಂಡು ಹಾಗೇ ಉಳಿಯಿತು. ಮೇಲಿನ ಹಾಸು ಅದರದೇ ಎಂದು ನಿಶ್ಚಯವಾಯಿತು. ಕಾಲುಗಳಿಗೆ ಸಾಗವಾನಿ ವಿಚಾರಿಸಿದೆವು. ಅತ್ತೆಯ ಮನಸ್ಸಿಗೆ ಒಪ್ಪುವಷ್ಟು ದಪ್ಪದ ತೊಲೆ ಸಿಗಲಿಲ್ಲ.

ಆಮೇಲೆ ಕಾಲುಗಳಿಗೆ ಕಲ್ಲು ನೋಡಲು ಮಸ್ಕಿಗೆ ಹೋದೆವು. ರಸ್ತೆ ಪಕ್ಕದ ಕಲ್ಲಿನ ಅಂಗಡಿಯಲ್ಲಿ ಅತ್ತೆ ಒಂದೊಂದೇ ಚಪ್ಪಡಿ ಬಡಿದು ನೋಡಿದರು. ಒಳಗೆ ಎಳೆಯಷ್ಟು ಬಿರುಕಿದ್ದರೂ ಒಂದು ದಿನ ಹೇಳದೆ ಕೇಳದೆ ಸೀಳುತ್ತದೆ ಎಂದು ಅದನ್ನೂ ಬಿಟ್ಟರು. ಹೊರಗೆ ಬಂದು, "ಇಲ್ಲಿತನಕ ಬಂದೀವಿ, ನಿಮ್ಮವ್ವನ ಕೈಯಾಗಿನ ಚಾ ಕುಡದು ಹೋಗೂಣು," ಎಂದರು. ನಾನು ಬೇಡವೆನ್ನುವಷ್ಟರಲ್ಲಿ ಆಟೋ ಹತ್ತಿಯಾಗಿತ್ತು.

ಅವ್ವ ಬಾಗಿಲಲ್ಲೇ ಸೆರಗು ಕಣ್ಣಿಗೊತ್ತಿಕೊಂಡಳು. ಅತ್ತೆ ಚೀಲದಿಂದ ನೆನೆದ ಪ್ಲೈವುಡ್ ತುಂಡು ತೆಗೆದು ಅವಳ ಕೈಗಿಟ್ಟು, ಉಬ್ಬಿದೆಯೇ ನೋಡಿ ಹೇಳಿ ಬೀಗರೇ ಎಂದು ಕೇಳಿದರು. ಅವ್ವ ಅಳುವುದೋ ನೋಡುವುದೋ ತಿಳಿಯದೆ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ನನಗೆ ನಗು ಬಂತು. ಅವ್ವನಿಗೂ ಬಂತು. ಆಮೇಲೆ ನಾವಿಬ್ಬರೂ ಅತ್ತುಬಿಟ್ಟೆವು. ಅತ್ತೆ ಅಡುಗೆಮನೆಗೆ ಹೋಗಿ ತಾವೇ ಚಹಾಕ್ಕಿಟ್ಟರು.

ಕೊನೆಗೆ ಕಬ್ಬಿಣವೇ ಸೈ ಎಂದಾಯಿತು. ಹಲ್ಲಿಗೆಂದು ಮತ್ತೆ ಲಿಂಗಸುಗೂರಿಗೆ ಹೋಗುವುದಿತ್ತು. ಅಲ್ಲೇ ಒಂದು ವೆಲ್ಡಿಂಗ್ ಅಂಗಡಿ ಹೊಕ್ಕೆವು. ಅಂಗಡಿಯಾತ ಚೌಕ ಪೈಪಿನ ಚೌಕಟ್ಟನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ನಾಲ್ಕು ಮೂಲೆಗೆ ನಾಲ್ಕು ಕಾಲು. ನೋಡುತ್ತ ನಿಂತಿದ್ದವಳು ಯಾರೂ ಕೇಳದೆ ಬಾಯಿ ಬಿಟ್ಟೆ.

"ನಡುವ ಕಾಲಿಲ್ಲಲ್ರಿ. ಭಾರಕ್ಕ ಬಾಗಂಗಿಲ್ಲೇನು?"

ಪೈಪು ದಪ್ಪನೆಯದು, ತಡೆಯುತ್ತದೆ ಎಂದನಾತ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಅವನ ಕಡೆ ತಿರುಗಿ, "ಆಕಿ ಹೇಳಿದಂಗ ಮಾಡಪಾ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಮಾತಾಡಿದವಳು ನಾನೇ. ತುಕ್ಕು ಹಿಡಿಯದ ಹಾಗೆ ಎಂಥ ಬಣ್ಣ ಬಳಿಯಬೇಕು, ಗಾಜಿನ ಕೆಳಗೆ ಥರ್ಮೋಕೋಲ್ ಹಾಸಬೇಕೋ ಬೇಡವೋ, ಎಲ್ಲ. ಅತ್ತೆ ಕಿಟಕಿಯ ಆಚೆಯ ಗದ್ದೆ ನೋಡುತ್ತ ಕೇಳುತ್ತಿದ್ದರು.

ವರ್ಷಗಳ ನಂತರ, ಅಷ್ಟು ತಿರುಗಿದ್ದು ನನ್ನ ಸಲುವಾಗಿಯೇ ಅಲ್ಲವೇ ಎಂದು ಕೇಳಿಯೇಬಿಟ್ಟೆ. "ಸ್ಟ್ಯಾಂಡಿನ ಸಲುವಾಗಿ ತಿರಿಗೇನಿ. ನೀ ಜೋಡಿಗಿದ್ದಿ, ಅಷ್ಟ," ಎಂದರು.

ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿ ಹೂ ಏರಿಸುತ್ತಾರೆ. ಪಡಸಾಲೆಯ ಆ ಗೋಡೆಗೆ ತೊಟ್ಟಿ ಇತ್ತು. ನೀರು ಖಾಲಿ ಮಾಡಿ ಅದನ್ನು ಹೊರಗಿಡುವ ಮಾತು ನಡೆದು, ಗಂಡಸರು ಧೋತರ ಎತ್ತಿ ಕಟ್ಟಿ ಸಿದ್ಧರಾಗಿದ್ದರು. ಹಿರಿಯರೆದುರು ನಾನು ಎಂದೂ ದನಿ ಎತ್ತಿದವಳಲ್ಲ.

"ಅದನ್ನ ಸರಸಬ್ಯಾಡ್ರಿ," ಎಂದೆ. "ಅತ್ತೀನ್ನ ಅದಕ್ಕ ಒರಗಿಸಿ ಕೂಡಸ್ರಿ."

ದೊಡ್ಡ ಮಾವನವರು ತೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಆಗಲೆಂದು ತಲೆಯಾಡಿಸಿದರು. ಆ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ಅತ್ತೆ ಸಂಜೆಯವರೆಗೆ ಕುಳಿತರು. ಭಜನೆಯವರು ಹಾಡುತ್ತಿದ್ದರು. ಅತ್ತೆಯ ತಲೆಯ ಮೇಲೆ, ಗಾಜಿನೊಳಗೆ, ಮೀನುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಹೊತ್ತಾದಾಗ ನಾನೆದ್ದು ಅವಕ್ಕೆ ಕಾಳು ಹಾಕಿದೆ.