ಕೆಂಪರಾಜು ಅಳೆದ ರಸ್ತೆ

ನಗರ ಮತ್ತು ಪರಿಸರ ಯೋಜನೆಯ ಎಂ.ಪ್ಲ್ಯಾನ್ ತರಗತಿಗೆ ಮೊದಲ ದಿನ ಕೆಂಪರಾಜು ಕಾಲಿಟ್ಟಾಗ, ಮೇಷ್ಟ್ರು ಬಂದರೆಂದು ನಾವೆಲ್ಲ ಎದ್ದು ನಿಂತೆವು. ನಲವತ್ತೇಳು ವರ್ಷ, ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಮೂರು ಪೆನ್ನು. "ಕೂತ್ಕೊಳ್ಳಿ, ಕೂತ್ಕೊಳ್ಳಿ, ನಾನೂ ಸ್ಟೂಡೆಂಟೇ" ಎಂದು ಗಾಬರಿಯಿಂದ ಬಂದು ನನ್ನ ಪಕ್ಕ ಕೂತರು. ಆ ಮುಖದಲ್ಲಿದ್ದ ಸಂಭ್ರಮ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಬೇಗೂರಿನ ಈ ಮನುಷ್ಯ ಬಿಟಿಎಂ ಲೇಔಟ್‌ನ ಬೇಕರಿಯೊಂದರ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆ ಪ್ಲಾನು ಬರೆದುಕೊಡುತ್ತಿದ್ದರು. ನಡುವೆ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮಗಳು ಕಾಲೇಜು ಸೇರಿದ ವರ್ಷವೇ ತಾವೂ ಇಲ್ಲಿ ಸೇರಿಕೊಂಡರು.

ಮೊದಲ ಸೆಮಿಸ್ಟರಿನಲ್ಲಿ ಇಬ್ಬಿಬ್ಬರು ಸೇರಿ ಒಂದು ರಸ್ತೆಯ ನಲವತ್ತು ಮನೆಗಳನ್ನು ಅಳೆದು ನಕ್ಷೆ ಮಾಡಬೇಕಿತ್ತು. ನಾನು ಅವರ ಜೊತೆ ಬಿದ್ದೆ. "ನಮ್ಮ ಆಫೀಸ್ ರೋಡೇ ತಗೊಳ್ಳೋಣ ದಿವ್ಯಾ ಮೇಡಂ, ಕಣ್ಮುಚ್ಕೊಂಡು ಬರೀತೀನಿ" ಎಂದರು. ಹಾಗೇ ಬರೆದರು. ಎರಡೇ ದಿನದಲ್ಲಿ ಮುತ್ತಿನಂಥ ನಕ್ಷೆ! ಪ್ರತಿ ಮನೆಯ ಸುತ್ತ ಗಾಳಿ ಬೆಳಕಿಗೆ ಬಿಡಬೇಕಾದ ಮೂರಡಿ ಖಾಲಿ ಜಾಗ ಅಚ್ಚುಕಟ್ಟಾಗಿ ಕೂತಿತ್ತು. ನಾನು ಕುಣಿದಾಡಿದೆ.

ಗೈಡ್ ಹೇಮಶ್ರೀ ಮೇಡಂ ಕುಣಿಯಲಿಲ್ಲ. ನಮ್ಮನ್ನು ಅದೇ ರಸ್ತೆಗೆ ಕರೆದೊಯ್ದು ಎರಡು ಮನೆಗಳ ನಡುವೆ ಟೇಪು ಹಿಡಿಯಲು ಹೇಳಿದರು. ಟೇಪಿರಲಿ, ಬೆರಳು ತೂರಿಸುವಷ್ಟೂ ಸಂದಿಯಿರಲಿಲ್ಲ. "ನಿಮ್ಮ ಮೂರಡಿ ಎಲ್ಲಿದೆ ಕೆಂಪರಾಜು?" ಎಂದು ಕೇಳಿದರು. ಪಾಲಿಕೆಯ ಮಂಜೂರಾತಿಗೆಂದು ಕಾಗದದಲ್ಲಿ ಮೂರಡಿ ತೋರಿಸುವುದು, ಮನೆಯವರು ಅದನ್ನು ನುಂಗಿ ಕಟ್ಟುವುದು ಕೆಂಪರಾಜು ಅವರ ಕಸುಬಿನಲ್ಲಿ ವಾಡಿಕೆ. ಇಲ್ಲೂ ಕೈ ತಾನಾಗಿಯೇ ಅದನ್ನೇ ಬರೆದುಬಿಟ್ಟಿತ್ತು.

"ಹದಿನೈದು ದಿನ ಕೊಡ್ತೀನಿ. ಇರೋದನ್ನ ಇರೋ ಹಾಗೆ ಬರ್ಕೊಂಡು ಬನ್ನಿ, ಇಲ್ಲಾಂದ್ರೆ ಇಬ್ರೂ ಫೇಲ್" ಎಂದು ಮೇಡಂ ಹೊರಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕೆಂಪರಾಜು ಅವರ ಪಾಡು ನನಗಿಂತ ಕೆಟ್ಟದಾಗಿತ್ತು. ಆ ರಸ್ತೆಯ ಮೂವತ್ತೊಂದು ಮನೆಗಳ ಪ್ಲಾನು ಅವರದೇ. ನಿಜ ಬರೆದರೆ ತಮ್ಮ ಮಾನ ತಾವೇ ಹರಾಜಿಗಿಟ್ಟಂತೆ. "ಬೇರೆ ರೋಡ್ ತಗೊಳ್ಳೋಣ್ವಾ?" ಎಂದೆ. ಟೇಪಿನ ತುದಿಯನ್ನು ನನ್ನತ್ತ ಚಾಚಿ, "ಬೇಡ, ಟೇಪ್ ಹಿಡ್ಕೊಳ್ಳಿ" ಎಂದರು.

ಅಳೆಯಲು ಶುರುಮಾಡಿದ್ದೇ ತಡ, ಅವರಿಗೆ ಹುಚ್ಚು ಹಿಡಿಯಿತು. ಮೋರಿಯ ಮೇಲಕ್ಕೆ ಚಾಚಿದ ಮೆಟ್ಟಿಲು, ಹೊಂಗೆ ಮರದ ಕುತ್ತಿಗೆಗೇ ಸುರಿದ ಕಾಂಕ್ರೀಟು, ಯಾವುದನ್ನೂ ಬಿಡಲಿಲ್ಲ. "ನೋಡಿ ದಿವ್ಯಾ ಮೇಡಂ! ಮಳೆ ನೀರು ಭೂಮಿಗಿಳಿಯೋಕೆ ಇಡೀ ರೋಡಲ್ಲಿ ಹನ್ನೊಂದೇ ಜಾಗ!" ಎಂದು ನಡುರಸ್ತೆಯಲ್ಲೇ ಕೂಗುತ್ತಿದ್ದರು. ಆ ಹುಚ್ಚು ನನಗೂ ಅಂಟಿತು. ಬೆಳಗಾದರೆ ಸಾಕು, ಓಡಿಬರುತ್ತಿದ್ದೆ.

ಮೌಲ್ಯಮಾಪನಕ್ಕೆ ಹೊರಗಿನಿಂದ ಬಂದವರು ಸಂಜೀವಯ್ಯ ಎಂಬ ಹಿರಿಯ ನಗರ ಯೋಜಕರು. ಗೋಡೆಗೆ ಹಚ್ಚಿದ ನಮ್ಮ ನಕ್ಷೆಯ ಮುಂದೆ ನಿಂತು, "ಯಾರ್ರೀ ಈ ಮನೆಗಳಿಗೆ ಪ್ಲಾನ್ ಹಾಕಿದ್ದು?" ಎಂದು ಗುಡುಗಿದರು.

"ಮೂವತ್ತೊಂದಕ್ಕೆ ನಾನೇ ಸಾರ್" ಎಂದರು ಕೆಂಪರಾಜು.

"ಆ ಪ್ಲಾನಲ್ಲಿ ಮೂರಡಿ ಇರುತ್ತೆ, ಈ ನಕ್ಷೇಲಿ ಇಲ್ಲ. ಯಾವುದನ್ನ ನಂಬಲಿ?"

"ಇದನ್ನ ನಂಬಿ ಸಾರ್. ಕಟ್ಟಿದ ಮೇಲೆ ಹೋಗಿ ಅಳೆದು ಬರೆದಿದ್ದು ನನ್ನ ಜೀವನದಲ್ಲೇ ಇದೊಂದು."

ಸಂಜೀವಯ್ಯ ಒಂದು ಕುರ್ಚಿ ಎಳೆದುಕೊಂಡು ಕೂತರು. "ಮೊದಲ್ನೇ ಮನೆಯಿಂದ ಹೇಳಿ" ಎಂದರು.

ಊಟದ ಹೊತ್ತು ಮೀರಿದಾಗ ಕೆಂಪರಾಜು ಇನ್ನೂ ಇಪ್ಪತ್ತನೇ ಮನೆಯಲ್ಲಿದ್ದರು.